ನಾಲ್ಕನೇ ಚೀಲದ ಮಣ್ಣು

ಫೆಬ್ರವರಿ 9

ಡಾಕ್ಟರಮ್ಮನವರಿಗೆ,

ನೀವು ಕಳಿಸಿದ ನೀಲಿ ಡ್ರಮ್ಮು ತಲುಪಿದೆ. ವ್ಯಾನಿನ ಡ್ರೈವರು ಅದನ್ನು ಬಾಣಂತಿಯನ್ನು ಇಳಿಸುವ ಹಾಗೆ ಇಳಿಸಿದ. ಒಳಗೇನಪ್ಪಾ ಅಂತ ಕೇಳಿದರೆ, "ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಾರ್, ಜೋಪಾನ" ಅಂದ. ನನಗೆ ಜೋಪಾನ ಹೇಳಿಕೊಡುತ್ತಾನೆ! ಈ ಪಂಪ್‌ಹೌಸಿಗೆ ಬಂದಾಗಿನಿಂದ ನಾನು ಮಾಡಿದ್ದು ಒಂದೇ ಕೆಲಸ, ಊರು ಕುಡಿಯುವ ನೀರಿನಲ್ಲಿ ಕ್ರಿಮಿ ಕೊಲ್ಲುವುದು. ರಿಟೈರಾಗುವ ಹೊತ್ತಿಗೆ ಅವಕ್ಕೆ ಹಾಸಿಗೆ ಹಾಸಿ ಮಲಗಿಸಿ ಅಂತ ಆರ್ಡರು ಬಂದಿದೆ. ಕೆಳಗೆ ನಿಮ್ಮ ಸಹಿ ನೋಡಿ ನಗು ಬಂತು.

ನೀರಿನಲ್ಲಿ ಕಳೆನಾಶಕ ಸೇರಿದೆ, ಒಬ್ಬ ವಿಜ್ಞಾನಿಯನ್ನು ಕಳಿಸಿ ಅಂತ ನಮ್ಮ ಇಲಾಖೆಯ ಸಾಹೇಬರಿಗೆ ಬರೆದವನು ನಾನೇ. ಲೋಕದಲ್ಲಿ ಅಷ್ಟು ಜನ ಇರುವಾಗ, ನನ್ನ ಮಗನನ್ನು ಬಿಟ್ಟು ಹೋದ ಸೊಸೆಯೇ ಇವರ ಕಣ್ಣಿಗೆ ಬೀಳಬೇಕಿತ್ತೇ? ನಮ್ಮ ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ಗಾಜಿನ ತಟ್ಟೆಗಳಲ್ಲಿ ಅದೇನೋ ಬೂಷ್ಟು ಸಾಕುತ್ತಿದ್ದಿರಿ. ಒಂದು ದಿನ ನಾನು ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ಅದ್ದಿಟ್ಟಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡು ಓಡಾಡಿದಿರಿ. ಆ ಬೂಷ್ಟೇ ಈಗ ಡ್ರಮ್ಮಿನಲ್ಲಿ ಬಂದಿದೆ ಅಂತ ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ. ನಾಲ್ಕು ಬಾವಿ. ನಾಲ್ಕರಲ್ಲೂ ಕಳೆನಾಶಕ ಮಿತಿ ದಾಟಿದೆ, ಎಲ್ಲಕ್ಕಿಂತ ಹೆಚ್ಚು ಪಂಪ್‌ಹೌಸಿನ ಪಕ್ಕದ ಒಂದನೇ ಬಾವಿಯಲ್ಲಿ. ಜುಲೈ ಪರೀಕ್ಷೆಯೊಳಗೆ ಇಳಿಯದಿದ್ದರೆ ಬಾವಿಗಳಿಗೆ ಬೀಗ, ಊರಿಗೆ ಲಾರಿ ನೀರು. ಯಾರ ಕೆಲಸ ಅಂತ ಹೇಳಲು ಡ್ರಮ್ಮು ಬೇಕಿಲ್ಲ. ಮೇಲಿನ ಹೊಲದ ಮೆಕ್ಕೆಜೋಳದವರು. ಆ ಮೀಸೆಯವನು, ಅವನ ತಮ್ಮಂದಿರು, ಅಕ್ಕಪಕ್ಕದವರು. ಕುಡಿಯುವ ನೀರಿನ ತಲೆಯ ಮೇಲೆ ಕೂತು ವಿಷ ಚೆಲ್ಲುತ್ತಾರೆ. ಕೇಳಿದರೆ ಆ ಔಷಧಿ ಬಿಟ್ಟು ಎಷ್ಟೋ ವರ್ಷ ಆಯಿತು ಅಂತಾರೆ. ಬಾಯಿ ಬಿಟ್ಟರೆ ಸುಳ್ಳು.

ನೀವು ಹೇಳಿದ ಹಾಗೆ ಡ್ರಮ್ಮನ್ನು ಮರಳಿನ ತೊಟ್ಟಿಗೆ ಸುರಿಸಿದ್ದೇನೆ. ಫೋನು ಮಾಡಬೇಡಿ. ನಿಮ್ಮ ದನಿ ಕೇಳಿದರೆ ನನಗೆ ಬಿ.ಪಿ. ಏರುತ್ತದೆ. ಹೇಳುವುದಿದ್ದರೆ ಬರೆದು, ಪರೀಕ್ಷೆಗೆ ನೀರು ತುಂಬಿ ಕಳಿಸುವ ಬಾಟಲಿಗಳ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿ.

ಮೇಲ್ವಿಚಾರಕ,
ಪಂಪ್‌ಹೌಸ್

ಫೆಬ್ರವರಿ 16

ಮೇಲ್ವಿಚಾರಕರಿಗೆ,

ಪೆಟ್ಟಿಗೆ ಬಂತು. ಬಾಟಲಿಗಳ ಮೇಲಿನ ಅಕ್ಷರ ಇನ್ನೂ ಅಷ್ಟೇ ದುಂಡಗಿದೆ, ಒಳಗಿನ ಪತ್ರ ಇನ್ನೂ ಅಷ್ಟೇ ಕಹಿಯಾಗಿದೆ. ಸಂತೋಷ. ಫೋನಿನಲ್ಲಿ ನಿಮ್ಮ ಕೆಮ್ಮು ಕೇಳುವ ಆಸೆ ನನಗೂ ಇಲ್ಲ.

ನಿಮಗೆ ಅರ್ಥವಾಗುವ ಹಾಗೆ ಒಂದೇ ಸಲ ಬರೆಯುತ್ತೇನೆ. ಎಲ್ಲ ಬ್ಯಾಕ್ಟೀರಿಯಾ ರೋಗ ತರುವುದಿಲ್ಲ. ಡ್ರಮ್ಮಿನಲ್ಲಿ ಇರುವವು ಮಣ್ಣಿನವು. ಕಳೆನಾಶಕದಲ್ಲಿ ಸಾರಜನಕ ಇದೆ, ಇವು ಅದನ್ನು ತಿಂದು ಬದುಕುತ್ತವೆ. ಮರಳಿಗೆ ಇದ್ದಿಲು ಬೆರೆಸಿದ ಆ ತೊಟ್ಟಿಯಲ್ಲಿ ಅಂಟಿಕೊಂಡು ಕೂರುತ್ತವೆ, ನೀರು ನಿಧಾನವಾಗಿ ಹಾದು ಹೋಗುವಾಗ ವಿಷವನ್ನು ಒಡೆದು ತಿನ್ನುತ್ತವೆ. ಮುಂದಿನ ತೊಟ್ಟಿಯಲ್ಲಿ ನಿಮ್ಮ ಪ್ರೀತಿಯ ಬ್ಲೀಚಿಂಗ್ ಪುಡಿ ಎಷ್ಟು ಬೇಕಾದರೂ ಹಾಕಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಇವುಗಳ ತೊಟ್ಟಿಯನ್ನು ಮಾತ್ರ ಕದಡಬೇಡಿ, ತೊಳೆಯಬೇಡಿ, ಗೊಬ್ಬರ ಹಾಕಬೇಡಿ. ಬೇರೆ ಊಟ ಸಿಕ್ಕರೆ ಇವು ವಿಷದ ತಂಟೆಗೆ ಹೋಗುವುದಿಲ್ಲ. ಕೂತಲ್ಲಿಗೆ ಊಟ ಬಂದರೆ ಕೆಲಸ ಮಾಡದಿರುವ ಗುಣ ನಿಮಗೆ ಪರಿಚಯದ್ದೇ. ನಿಮ್ಮ ಮಗನನ್ನು ಸಾಕಿದವರಲ್ಲವೇ ನೀವು.

ಹೊಲದವರ ವಿಷಯದಲ್ಲಿ ನಿಮ್ಮ ಮಾತು ಸರಿ ಇರಬಹುದು. ನನ್ನ ಮೊದಲ ವರದಿಯಲ್ಲಿ ನಾನೂ ಹಾಗೇ ಬರೆದಿದ್ದೇನೆ. ನಾವಿಬ್ಬರೂ ಒಂದು ವಿಷಯ ಒಪ್ಪಿದ್ದು ಇದೇ ಮೊದಲು.

ಸೂಕ್ಷ್ಮಜೀವಿ ವಿಭಾಗ

ಮಾರ್ಚ್ 2

ಮೇಲ್ವಿಚಾರಕರಿಗೆ,

ಫಲಿತಾಂಶ ನೋಡಿ ಅಳಬೇಕೋ ನಗಬೇಕೋ ತಿಳಿಯುತ್ತಿಲ್ಲ. ಒಳಗೆ ಹೋಗುವ ನೀರಿನಲ್ಲಿ ಎಷ್ಟು ವಿಷ ಇದೆಯೋ ಹೊರಬರುವ ನೀರಿನಲ್ಲೂ ಅಷ್ಟೇ. ತೊಟ್ಟಿಯ ಮರಳನ್ನು ತಟ್ಟೆಯಲ್ಲಿಟ್ಟು ಬೆಳೆಸಲು ನೋಡಿದೆ, ಒಂದು ಚುಕ್ಕೆಯೂ ಏಳಲಿಲ್ಲ. ಎಲ್ಲ ಸತ್ತಿವೆ. ವರ್ಷಗಟ್ಟಲೆ ಸಾಕಿದ ತಳಿ.

ಇದು ಡ್ರೈವರನ ಕೆಲಸ. ದಾರಿಯಲ್ಲಿ ಎಲ್ಲೋ ಹರಟೆಗೆ ನಿಂತು ವ್ಯಾನನ್ನು ಬಿಸಿಲಿನಲ್ಲಿ ಬಿಟ್ಟಿದ್ದಾನೆ, ಡ್ರಮ್ಮು ಬೆಂದು ಹೋಗಿದೆ. ಇಲ್ಲಿ ಅವನನ್ನು ಕರೆದು ಎಲ್ಲರ ಮುಂದೆ ಚೆನ್ನಾಗಿ ಉಗಿದಿದ್ದೇನೆ. ತಲೆ ತಗ್ಗಿಸಿಕೊಂಡು ನಿಂತಿದ್ದ. ನೀವು ಡ್ರಮ್ಮು ಮುಟ್ಟಿದಾಗ ಬಿಸಿಯಾಗಿತ್ತೇ?

ಸೂಕ್ಷ್ಮಜೀವಿ ವಿಭಾಗ

ಮಾರ್ಚ್ 4

ಡಾಕ್ಟರಮ್ಮನವರಿಗೆ,

ಡ್ರೈವರುಗಳ ಜಾತಿಯೇ ಹಾಗೆ. ಬಿಸಿಯಾಗಿತ್ತೋ ತಣ್ಣಗಿತ್ತೋ ನನಗೆ ನೆನಪಿಲ್ಲ. ನಿಮ್ಮ ಕೋಟಿಗಟ್ಟಲೆ ವೀರರು ಒಂದು ಮಧ್ಯಾಹ್ನದ ಬಿಸಿಲಿಗೆ ಸತ್ತರು ಅಂದ ಮೇಲೆ, ವಿಷ ತಿನ್ನುವ ಮಾತು ಹಾಗಿರಲಿ. ಇನ್ನೊಂದು ಡ್ರಮ್ಮು ಕಳಿಸುವುದಿದ್ದರೆ ಕಳಿಸಿ. ಜುಲೈ ಹತ್ತಿರ ಬರುತ್ತಿದೆ.

ಮೇಲ್ವಿಚಾರಕ

ಮಾರ್ಚ್ 11

ಮೇಲ್ವಿಚಾರಕರಿಗೆ,

ಉಳಿದ ಮರಳಿನ ಬಾಟಲಿಯ ಮುಚ್ಚಳವನ್ನು ಇವತ್ತು ತೆಗೆದೆ. ಮೂಗಿಗೆ ಘಮ್ಮಂತ ಬಡಿಯಿತು. ನಿಮ್ಮ ಮನೆಯ ಫ್ರಿಜ್ಜಿನ ವಾಸನೆ.

ಡ್ರಮ್ಮು ಸುರಿಯುವ ಮುಂಚೆ ನೀವು ತೊಟ್ಟಿಯನ್ನು ಬ್ಲೀಚಿಂಗ್ ಹಾಕಿ ತೊಳೆದಿದ್ದೀರಿ. ಗೊತ್ತಿದ್ದೂ ಡ್ರೈವರನ ತಲೆಗೆ ಕಟ್ಟಲು ಬಿಟ್ಟಿರಿ. ನಾನು ಅವನ ಹತ್ತಿರ ಹೋಗಿ ನನ್ನದು ತಪ್ಪಾಯಿತು ಅಂದೆ. "ಪರವಾಗಿಲ್ಲ ಮೇಡಂ, ಬೈಸ್ಕೊಳ್ಳೋದು ನಮ್ಗೆ ಅಭ್ಯಾಸ" ಅಂದ. ನಿಮಗೆ ಹೇಳಿದರೆ ನಾಟುವುದಿಲ್ಲ, ಆದರೂ ಬರೆದಿದ್ದೇನೆ.

ಎರಡನೇ ಡ್ರಮ್ಮು ಈ ಪೆಟ್ಟಿಗೆಯ ಜೊತೆ ಬರುತ್ತದೆ. ತೊಟ್ಟಿಯಲ್ಲಿ ಮೊದಲು ಬರೀ ನೀರು ಹಾಯಿಸಿ, ವಾಸನೆ ಹೋಗುವ ತನಕ. ಜೊತೆಗೆ ಇನ್ನೊಂದು ಕೆಲಸ. ಹೊಲದವರ ವಿರುದ್ಧ ಬರೀ ಬಾಯಿ ಮಾತು ಸಾಲದು, ಸಾಕ್ಷಿ ಬೇಕು. ಮೇಲಿನ ಹೊಲಗಳಿಂದ ಮೂರು ಚೀಲ ಮಣ್ಣು ಕಳಿಸಿ. ಒಂದೇ ವಿಷ ವರ್ಷಾನುಗಟ್ಟಲೆ ಬಿದ್ದ ಮಣ್ಣಿನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ತಾವಾಗಿಯೇ ಹೆಚ್ಚುತ್ತವೆ. ಅವು ಸಿಕ್ಕರೆ ಮೀಸೆಯವನ ಬಾಯಿ ಮುಚ್ಚುತ್ತದೆ.

ಸೂಕ್ಷ್ಮಜೀವಿ ವಿಭಾಗ

ಮಾರ್ಚ್ 15

ಡಾಕ್ಟರಮ್ಮನವರಿಗೆ,

ತೊಳೆದೆ. ಏನೀಗ? ತೊಳೆಯದ ತೊಟ್ಟಿಯನ್ನು ನಾನು ಇವತ್ತಿನ ತನಕ ಬಳಕೆಗೆ ಬಿಟ್ಟವನಲ್ಲ. ನೀವು ಬೇಡ ಅಂತ ಬರೆದಿದ್ದು ಡ್ರಮ್ಮು ಸುರಿದ ಮೇಲೆ. ಹೊಸ ನೆಂಟರು ಬರುವಾಗ ಮನೆ ಗುಡಿಸಿದ್ದೇ ತಪ್ಪಾಯಿತು. ಈ ಸಲ ತೊಳೆದಿಲ್ಲ. ಕೊಳಕು ತೊಟ್ಟಿ, ಕೊಳಕು ಡ್ರಮ್ಮು, ನಿಮಗೆ ತೃಪ್ತಿಯಾಗಲಿ.

ಮಣ್ಣು ತರಲು ನಾನೇ ಹೋದೆ. ಮೀಸೆಯವನು ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. "ತಗೊಂಡೋಗಿ ಸ್ವಾಮಿ, ಮಣ್ಣೇ ತಾನೆ" ಅಂದ. ಹಲ್ಲು ಬೇರೆ ಕಿಸಿದ. ಹೊಲದ ತುಂಬ ಗರಿಕೆ, ಮುಳ್ಳು, ಹರಿವೆ, ಎಲ್ಲ ಒಂದಾಗಿ ಬೆಳೆದು ಬಿದ್ದಿದೆ. ಮನುಷ್ಯರು ಉಳುವ ಜಾಗ ಅನ್ನಿಸುವುದಿಲ್ಲ.

ಮೂರು ಕೇಳಿದ್ದಿರಿ, ನಾಲ್ಕು ಕಳಿಸಿದ್ದೇನೆ. ನಾಲ್ಕನೆಯದು ನಮ್ಮ ಕಡೆಯದು. ಎಲ್ಲಿಯದು ಅಂತ ಚೀಲದ ಮೇಲೆ ಬರೆದಿಲ್ಲ. ಮೊದಲ ಮೂರು ನೋಡಿದ ಮೇಲೆ ಅದನ್ನು ನೋಡಿ. ಶುದ್ಧವಾದ ಮಣ್ಣು ಹೇಗಿರುತ್ತದೆ ಅಂತ ಓದಿದವರಿಗೂ ತಿಳಿಯಲಿ.

ಮೇಲ್ವಿಚಾರಕ

ಏಪ್ರಿಲ್ 6

ಮೇಲ್ವಿಚಾರಕರಿಗೆ,

ಇಷ್ಟು ದಿನ ಉತ್ತರ ಬರೆಯದಿದ್ದುದಕ್ಕೆ ಕಾರಣ ನಿಮ್ಮ ಮೇಲಿನ ಕೋಪವಲ್ಲ. ಖುಷಿ.

ಮೊದಲು ತೊಟ್ಟಿಯ ಸುದ್ದಿ. ಎರಡನೇ ಡ್ರಮ್ಮು ಬದುಕಿದೆ, ತಿನ್ನುತ್ತಿದೆ, ಆದರೆ ಮೆಲ್ಲಗೆ. ಸರ್ಕಾರಿ ಗುಮಾಸ್ತರ ವೇಗ. ಈ ವೇಗದಲ್ಲಿ ಜುಲೈಗೆ ಮುಟ್ಟುವುದಿಲ್ಲ. ಹೊಲದ ಮೂರು ಚೀಲಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿಲ್ಲ, ಇನ್ನೊಮ್ಮೆ ನೋಡುತ್ತೇನೆ.

ಆದರೆ ಆ ನಾಲ್ಕನೇ ಚೀಲ! ಅದನ್ನು ಎಲ್ಲಿಂದ ತಂದಿರಿ? ಅದರ ಒಂದು ಚಿಟಿಕೆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ನನ್ನ ತಳಿ ವಾರದಲ್ಲಿ ತಿನ್ನುವ ವಿಷವನ್ನು ಎರಡೇ ದಿನದಲ್ಲಿ ಮುಗಿಸಿ ತಟ್ಟೆ ನೆಕ್ಕಿ ಕೂತಿವೆ. ನನ್ನ ಕೈಯಿಂದ ಇಂಥ ಹಸಿವಿನ ಪ್ರಾಣಿಗಳು ಹಾದು ಹೋಗಿದ್ದೇ ಇಲ್ಲ. ಇವನ್ನೇ ಬೆಳೆಸಿ ತೊಟ್ಟಿಗೆ ಹಾಕಿದರೆ ಬಾವಿಗಳು ಉಳಿಯಬಹುದು. ನಿಮ್ಮಿಂದ ಜೀವಮಾನದಲ್ಲಿ ಒಂದು ಉಪಕಾರವಾಯಿತು, ಅದೂ ನನ್ನನ್ನು ಹೀಯಾಳಿಸಲು ಹೋಗಿ.

ಜಾಗ ಯಾವುದು, ಅಲ್ಲಿ ಏನು ಬೆಳೆಯುತ್ತದೆ, ವಿವರವಾಗಿ ಬರೆಯಿರಿ.

ಸೂಕ್ಷ್ಮಜೀವಿ ವಿಭಾಗ

ಏಪ್ರಿಲ್ 10

ಡಾಕ್ಟರಮ್ಮನವರಿಗೆ,

ಕೊನೆಗೂ ಒಪ್ಪಿಕೊಂಡಿರಿ. ಕಾಗದವನ್ನು ಎರಡು ಸಲ ಓದಿದೆ.

ಆ ಮಣ್ಣು ಬೇರೆ ಯಾವ ಲೋಕದ್ದೂ ಅಲ್ಲ, ನನ್ನ ಪಂಪ್‌ಹೌಸಿನ ಅಂಗಳದ್ದು. ಒಂದನೇ ಬಾವಿಯ ಕಟ್ಟೆಯಿಂದ ನನ್ನ ಮೆಟ್ಟಿಲ ತನಕ ಇರುವ ಜಾಗ. ಏನು ಬೆಳೆಯುತ್ತದೆ ಅಂತ ಕೇಳಿದ್ದೀರಿ. ಏನೂ ಬೆಳೆಯುವುದಿಲ್ಲ! ಅದೇ ಅದರ ಹೆಚ್ಚುಗಾರಿಕೆ. ಒಂದು ಎಳೆ ಹುಲ್ಲಿಲ್ಲ. ನಾನು ಇಲ್ಲಿಗೆ ಬಂದಾಗ ಮೊಣಕಾಲುದ್ದ ಕಳೆ, ಹಾವು, ಚೇಳು. ಮೇಲೆ ಜಲ್ಲಿ ಹಾಕಿಸಿದೆ, ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ, ಮಳೆ ನಿಂತ ಮೇಲೆ ಇನ್ನೊಂದು ಸಲ, ಬೇರೆಯವರ ಕೈಗೆ ಕೊಡದೆ ನಾನೇ ನಿಂತು ಕ್ಲೀನು ಮಾಡುತ್ತೇನೆ. ಬಾವಿ ಕಟ್ಟೆಯ ಸಂದುಗೊಂದು ಕೂಡ ಬಿಡುವುದಿಲ್ಲ. ಸ್ವಚ್ಛ ಪಂಪ್‌ಹೌಸಿನ ಬಹುಮಾನ ನಮಗೇ ಬರುತ್ತದೆ. ಸಾಹೇಬರು ಹೊಸಬರಿಗೆಲ್ಲ, ಹೋಗಿ ಆ ಯಜಮಾನರ ಅಂಗಳ ನೋಡಿಕೊಂಡು ಬನ್ನಿ ಅಂತ ಹೇಳುತ್ತಾರೆ. ಅಂಥ ಕಡೆ ಒಳ್ಳೆಯ ಹುಳ ಹುಟ್ಟದೆ ಮೀಸೆಯವನ ಗರಿಕೆಯಲ್ಲಿ ಹುಟ್ಟುತ್ತವೆಯೇ?

ಇನ್ನೊಂದು ಒಳ್ಳೆಯ ಸುದ್ದಿ. ನಿಮ್ಮ ಮೊದಲ ವರದಿ ಇಟ್ಟುಕೊಂಡು ಸಾಹೇಬರು ಹೊಲದವರಿಗೆಲ್ಲ ನೋಟಿಸು ಕೊಟ್ಟಿದ್ದಾರೆ. ಈ ಮಳೆಗೆ ಯಾರೂ ಬಿತ್ತುವ ಹಾಗಿಲ್ಲ. ಹೊಲ ಬೀಳು ಬಿಡಬೇಕು. ಮೀಸೆಯವನು ಆಫೀಸಿನ ಮುಂದೆ ನಿಂತು ಕೂಗಾಡಿದನಂತೆ. ಕೂಗಲಿ.

ಮೇಲ್ವಿಚಾರಕ

ಏಪ್ರಿಲ್ 21

ಮೇಲ್ವಿಚಾರಕರಿಗೆ,

ನಿಮ್ಮ ಪತ್ರ ಬಂದು ದಿನಗಳಾದವು. ಹೊಲದ ಮೂರು ಚೀಲಗಳನ್ನು ಇನ್ನೊಂದು ಸಲ, ಮತ್ತೊಂದು ಸಲ ನೋಡಿದೆ. ಯಾಕೆಂದರೆ ನಾನೇ ತಪ್ಪಿರಬೇಕು ಅಂತ ನನಗೆ ಬಹಳ ಆಸೆ ಇತ್ತು.

ಹುಲ್ಲು ಏಳದಂತೆ ನೀವು ಏನು ಹೊಡೆಯುತ್ತೀರಿ? ಉತ್ತರ ಬರೆಯಬೇಡಿ, ಮಣ್ಣೇ ಬರೆದಿದೆ. ಹೊಲದ ಮಣ್ಣಿನಲ್ಲಿ ಈ ವಿಷ ಇಲ್ಲವೆನ್ನುವಷ್ಟು ಕಮ್ಮಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಅಲ್ಲೊಂದು ಇಲ್ಲೊಂದು. ಮೀಸೆಯವನು ಹೇಳಿದ್ದು ನಿಜ, ಅವರು ಆ ಔಷಧಿ ಬಿಟ್ಟು ಕಾಲವಾಗಿದೆ. ಹೊಲದ ತುಂಬ ಕಳೆ ನಿಂತಿದ್ದನ್ನು ನೀವೇ ಕಣ್ಣಾರೆ ನೋಡಿ ಬಂದು ಬರೆದಿರಿ. ಕಳೆನಾಶಕ ಹೊಡೆದ ಹೊಲದಲ್ಲಿ ಕಳೆ ನಿಲ್ಲುತ್ತದೆಯೇ ಅಂತ ನಿಮಗೂ ಹೊಳೆಯಲಿಲ್ಲ, ಓದಿದ ನನಗೂ ಹೊಳೆಯಲಿಲ್ಲ. ನಿಮ್ಮ ಅಂಗಳದಲ್ಲಿ ಮಾತ್ರ ಅವು ಕಿಕ್ಕಿರಿದು ಕೂತಿವೆ. ದಿನಾ ಊಟ ಹಾಕುವ ಮನೆಗಲ್ಲದೆ ಇಷ್ಟು ಜನ ಸೇರುವುದಿಲ್ಲ. ಊಟ ಹಾಕಿದವರು ನೀವು. ಸ್ಟೋರಿನಲ್ಲಿ ಇರಲೇಬೇಕಾದ ಕಳೆನಾಶಕದ ಕ್ಯಾನಿನಿಂದ, ಜಲ್ಲಿಯ ಮೇಲೆ, ಬಾವಿ ಕಟ್ಟೆಯ ಸಂದುಗೊಂದು ಬಿಡದೆ, ಮಳೆ ಬರುವ ಮುಂಚೆ. ಮಳೆ ಅದನ್ನು ನೇರ ಬಾವಿಗೆ ಇಳಿಸಿತು, ಅಲ್ಲಿಂದ ನೆಲದೊಳಗಿನ ನೀರಿನ ಜೊತೆ ಉಳಿದ ಮೂರಕ್ಕೂ ಹರಡಿತು. ಒಂದನೇ ಬಾವಿಯಲ್ಲಿ ಯಾಕೆ ಹೆಚ್ಚು ಅಂತ ಇಬ್ಬರೂ ಮೊದಲೇ ಕೇಳಿಕೊಳ್ಳಬೇಕಿತ್ತು. ಹೊಲದವರನ್ನು ತುಚ್ಛವಾಗಿ ಕಾಣುವುದರಲ್ಲಿ ನಮಗೆ ಅಷ್ಟು ಸುಖವಿತ್ತು.

ಹೊಸ ವರದಿ ಬರೆಯುತ್ತಿದ್ದೇನೆ. ಅದರಲ್ಲಿ ಅಂಗಳದ ಮಾತು ಇರುತ್ತದೆ. ಹೊಡೆಯುವುದು ನಿಲ್ಲದೆ ಯಾವ ಬ್ಯಾಕ್ಟೀರಿಯಾದಿಂದಲೂ ಬಾವಿ ಉಳಿಯುವುದಿಲ್ಲ.

ಇನ್ನೊಂದು ಮಾತು, ಇದು ವರದಿಯಲ್ಲಿ ಇರುವುದಿಲ್ಲ. ನಿಮ್ಮ ಮನೆಯ ಹೊಲಸನ್ನು ಯಾವಾಗಲೂ ಮೇಲಿನ ಹೊಲದಲ್ಲೇ ಹುಡುಕುತ್ತೀರಿ, ಮಾವ. ನಿಮ್ಮ ಮಗ ಬೆಳಗ್ಗೆ ಬುತ್ತಿ ಹಿಡಿದು ಕೆಲಸಕ್ಕೆ ಅಂತ ಹೊರಟು, ಪಾರ್ಕಿನ ಬೆಂಚಿನ ಮೇಲೆ ಉಂಡು ಮಲಗಿ ಸಂಜೆ ಬರುತ್ತಿದ್ದ. ಕೆಲಸವೇ ಇರಲಿಲ್ಲ. ಕೇಳಿದ್ದಕ್ಕೆ ನನ್ನ ಮೇಲೆ ಕೈ ಮಾಡಿದ. ನೀವು ಬಾಗಿಲಲ್ಲಿ ನಿಂತಿದ್ದಿರಿ. ಆಮೇಲೆ ಊರಿನಲ್ಲಿ, ಓದಿದ ಸೊಕ್ಕು, ಸಂಸಾರ ಮಾಡಲು ಬರಲಿಲ್ಲ, ಅದಕ್ಕೇ ಹೋದಳು ಅಂತ ಹೇಳಿಕೊಂಡು ಬಂದಿರಿ.

ಸೂಕ್ಷ್ಮಜೀವಿ ವಿಭಾಗ

ಮೇ 3

ನಿನಗೆ ಎಷ್ಟು ಧೈರ್ಯ?

ನಾನು ವಿಷ ಹಾಕಿದೆನೇ? ನಾನು? ಹಬ್ಬ ಹುಣ್ಣಿಮೆ ಅಂತ ರಜೆ ಹಾಕದೆ, ಜ್ವರ ಬಂದರೂ ಪಂಪಿನ ಪಕ್ಕ ಮಲಗಿ ಈ ಊರಿಗೆ ನೀರು ಕೊಟ್ಟವನು. ಹೊಲದವರು ಎಕರೆಗಟ್ಟಲೆ ಹೊಡೆದರೆ ಏನೂ ಇಲ್ಲ, ನಾನು ಅಂಗಳಕ್ಕೆ ಎರಡು ಮಗ್ಗು ಹೊಡೆದರೆ ಲೋಕ ಮುಳುಗಿತೇ? ಆ ಕ್ಯಾನಿನ ಮೇಲೆ ಬಾವಿ ಹತ್ತಿರ ಹೊಡೆಯಬೇಡಿ ಅಂತ ಎಲ್ಲೂ ಬರೆದಿಲ್ಲ. ಚೀಟಿಯೇ ಹರಿದು ಹೋಗಿದೆ.

ನೀನು ಸೇಡು ತೀರಿಸಿಕೊಳ್ಳುತ್ತಿದ್ದೀಯ. ಫ್ರಿಜ್ಜಿನ ತಟ್ಟೆಗಳಿಗೆ, ಮಗನಿಗೆ, ಎಲ್ಲಕ್ಕೂ ಸೇರಿಸಿ. ಮಣ್ಣಿಗೆ ಬಾಯಿ ಬಂತಂತೆ! ಮಗನ ಸುದ್ದಿ ಎತ್ತಬೇಡ. ಅವನು ಎಲ್ಲಿದ್ದಾನೆ ಅಂತ ನಿನಗೆ ಬೇಕಿಲ್ಲ.

ಇನ್ನು ಪೆಟ್ಟಿಗೆಯಲ್ಲಿ ಬಾಟಲಿ ಮಾತ್ರ ಬರುತ್ತದೆ.

ಮೇ 8

ಮೇಲ್ವಿಚಾರಕರಿಗೆ,

ಎರಡು ಮಗ್ಗು, ವರ್ಷಕ್ಕೆ ಎರಡು ಸಲ, ನಿಮ್ಮ ಸರ್ವೀಸು ಪೂರ್ತಿ, ಬಾವಿಯ ಬಾಯಿಯಲ್ಲಿ. ಹೊಲದಲ್ಲಿ ಬಿದ್ದದ್ದು ಮಣ್ಣು, ಬೇರು, ಗೊಬ್ಬರದಲ್ಲಿ ಸಿಕ್ಕಿಕೊಂಡು ಅರ್ಧ ಅಲ್ಲೇ ಸಾಯುತ್ತದೆ. ಜಲ್ಲಿಯ ಮೇಲೆ ಬಿದ್ದದ್ದಕ್ಕೆ ತಡೆಯುವವರು ಯಾರು?

ವರದಿ ಇವತ್ತು ಸಾಹೇಬರಿಗೆ ಹೋಯಿತು. ನಾಲ್ಕನೇ ಚೀಲದಿಂದ ಬೆಳೆಸಿದ ತಳಿಯ ಡ್ರಮ್ಮು ನಿಮಗೆ ಬರುತ್ತಿದೆ. ತೊಟ್ಟಿಗೆ ಹಾಕಿ. ಉಳಿದದ್ದನ್ನು ಒಂದನೇ ಬಾವಿಯ ಸುತ್ತ ಜಲ್ಲಿ ತೆಗೆಸಿ ಮಣ್ಣಿಗೆ ಬೆರೆಸಿ. ನೀವು ಹಾಕುವುದಿಲ್ಲ ಅಂತ ನನ್ನ ಅಂದಾಜು.

ಸೂಕ್ಷ್ಮಜೀವಿ ವಿಭಾಗ

ಮೇ 27

ಮೇಲ್ವಿಚಾರಕರಿಗೆ,

ಪೆಟ್ಟಿಗೆಗಳು ಬರುತ್ತಿವೆ, ಪತ್ರ ಇಲ್ಲ. ಬಾಟಲಿಯ ಮೇಲೆ ನಿಮ್ಮ ದುಂಡು ಅಕ್ಷರ ಮಾತ್ರ. ತೊಟ್ಟಿಯ ನೀರಿನಲ್ಲಿ ವಿಷ ಇಳಿಯುತ್ತಿದೆ, ಅಂದರೆ ಡ್ರಮ್ಮು ಹಾಕಿದ್ದೀರಿ. ನನ್ನ ಅಂದಾಜು ತಪ್ಪಿತು. ಇಷ್ಟಕ್ಕೇ ನಿಮ್ಮನ್ನು ಹೊಗಳಲು ಸಿದ್ಧಳಿಲ್ಲ.

ಸಾಹೇಬರು ನಿನ್ನೆ ಫೋನು ಮಾಡಿದ್ದರು. ಅಂಗಳದ ಪುಟವನ್ನು ಕಿತ್ತು ಹಾಕಿ ಅಂದರು. ಇಲಾಖೆಗೆ ಮುಜುಗರವಂತೆ, ಬಹುಮಾನ ಕೊಟ್ಟವರೇ ಇವರಲ್ಲವೇ. ನಾನು ಆಗುವುದಿಲ್ಲ ಅಂದೆ. ಹಾಗಾದರೆ ಬೇರೆ ಲ್ಯಾಬಿನಿಂದ ಬರೆಸಿಕೊಳ್ಳುತ್ತೇವೆ ಅಂದು ಇಟ್ಟರು. ಹಣೆಬರಹ ಸ್ಪಷ್ಟವಾಗಿದೆ. ಹೊಲದವರ ಮಳೆಗಾಲ ಹಾಳು, ನಿಮ್ಮ ಹೆಸರು ಉಳಿಯಿತು. ಕ್ಯಾನು ಸ್ಟೋರಿನಲ್ಲೇ ಇರುತ್ತದೆ, ನಿಮ್ಮ ನಂತರ ಬರುವವನು ಅದೇ ಅಂಗಳ ನೋಡಿ ಕಲಿಯುತ್ತಾನೆ. ಅಭಿನಂದನೆಗಳು.

ಸೂಕ್ಷ್ಮಜೀವಿ ವಿಭಾಗ

ಜುಲೈ 12

ಅಮ್ಮಾ,

ಏನಂತ ಕರೆಯಬೇಕು ಗೊತ್ತಾಗದೆ ಹೀಗೆ ಬರೆದಿದ್ದೇನೆ. ಅದಕ್ಕೆ ಬೇರೆ ಅರ್ಥ ಹಚ್ಚಬೇಡ.

ಸಾಹೇಬರು ಜೂನ್ ಮೊದಲಿಗೆ ಕರೆಸಿದ್ದರು. ಕೂರಿಸಿದರು, ಟೀ ತರಿಸಿದರು. ನನಗೆ ಆಗಲೇ ಅನುಮಾನ ಬಂತು. "ಯಜಮಾನ್ರೇ, ಆ ಪುಟ ತೆಗೆಸಿಬಿಟ್ಟಿದ್ದೀನಿ. ಆಯಮ್ಮಂಗೆ ನಿಮ್ಮ ಮನೆ ಮೇಲೆ ಹೊಟ್ಟೆಕಿಚ್ಚು, ಅದಕ್ಕೇ ಬರ್ದಿದ್ದಾಳೆ. ನಿಮ್ಮಂಥೋರು ಹಾಗೆಲ್ಲ ಮಾಡ್ತೀರಾ?" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ಅವರು ನಗುತ್ತ, "ವಯಸ್ಸಾಯ್ತು, ಯಾವ್ದು ಯಾರು ಹೊಡೆದ್ರು ನಿಮ್ಗೆಲ್ಲಿ ನೆನಪಿರತ್ತೆ. ಯಾರೋ ಕೂಲಿಯವನು ಹೊಡೆದಿರ್ತಾನೆ" ಅಂದರು.

ಮೈಯೆಲ್ಲ ಉರಿಯಿತು. ಆ ಅಂಗಳಕ್ಕೆ ಕೂಲಿಯವನ ಕೈ ತಾಗಿದೆಯೇ? "ಸಾರ್, ಹೊಡೆದಿದ್ದು ನಾನೇ. ಒಂದು ಮೂಲೆ ಬಿಟ್ಟಿಲ್ಲ. ಬೇರೆಯವರು ಹೊಡೆದಿದ್ರೆ ಅಷ್ಟು ನೀಟಾಗಿ ಇರ್ತಿತ್ತಾ?" ಅಂದೆ. ಅವರು ನಂಬುವ ಹಾಗೆ ಕಾಣಲಿಲ್ಲ. ಎದ್ದು ಹೋಗಿ ಆಫೀಸಿನ ಹಿಂದಿನ ಸ್ಟೋರಿನಿಂದ ಕ್ಯಾನು ತಂದು ಅವರ ಮೇಜಿನ ಗಾಜಿನ ಮೇಲೆ ಇಟ್ಟೆ. ತಳದಲ್ಲಿ ಸ್ವಲ್ಪ ಸೋರುತ್ತಿತ್ತು. ಸಾಹೇಬರು ಮೂಗು ಮುಚ್ಚಿಕೊಂಡು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಮೇಜಿನ ಮೇಲೆ ಎರಡು ತೊಟ್ಟು ಬಿದ್ದಿದ್ದಕ್ಕೆ ಈ ಮನುಷ್ಯ ಹೀಗೆ ಹಾರಿದನಲ್ಲ, ನಾನು ಇದನ್ನು ಊರಿಗೆ ಕುಡಿಸಿದೆನಲ್ಲ ಅನ್ನಿಸಿತು. ಅಲ್ಲಿಯ ತನಕ ಅನ್ನಿಸಿರಲಿಲ್ಲ.

ಪುಟ ವಾಪಸ್ಸು ಹಾಕದಿದ್ದರೆ ಇದೇ ಕ್ಯಾನು ಹಿಡಿದುಕೊಂಡು ಪೇಪರಿನವರ ಹತ್ತಿರ ಹೋಗುತ್ತೇನೆ ಅಂದೆ. ಹಾಕಿದರು. ನೋಟಿಸು ರದ್ದಾಯಿತು, ಹೊಲದವರು ತಡವಾದರೂ ಬಿತ್ತಿದರು. ನನ್ನನ್ನು ಪಂಪ್‌ಹೌಸಿನಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ಹಳೆಯ ಪೈಪುಗಳ ಮಧ್ಯೆ ಒಂದು ಕುರ್ಚಿ. ಹೊಸಬ ಬಂದಿದ್ದಾನೆ, ಕೈಯಲ್ಲಿ ಯಾವಾಗಲೂ ಮೊಬೈಲು. ನೀರಿನ ಬಾಟಲಿ ತುಂಬುವುದನ್ನು ಮಾತ್ರ ನಾನೇ ಹೋಗಿ ಮಾಡುತ್ತೇನೆ, ಅವನಿಗೆ ಮುಚ್ಚಳ ಸರಿಯಾಗಿ ಹಾಕಲು ಬರುವುದಿಲ್ಲ.

ಮೊನ್ನೆ ಪರೀಕ್ಷೆ ಆಯಿತು. ಮೂರು ಬಾವಿಯ ನೀರು ತೊಟ್ಟಿ ಹಾದು ಬಂದ ಮೇಲೆ ಪಾಸು. ಒಂದನೆಯದು ಇನ್ನೂ ಮಿತಿಯ ಮೇಲಿದೆ. ಬೀಗ ಹಾಕಿ ಅಂದರು. ಹೊಸಬ ಬೀಗ ತಂದ. ಕಿತ್ತುಕೊಂಡು ನಾನೇ ಹಾಕಿದೆ. ಅದರ ಸುತ್ತ ಜಲ್ಲಿ ತೆಗೆಸಿ ನಿನ್ನ ಹುಳ ಬೆರೆಸಿದ್ದೇನೆ. ಹುಲ್ಲು ಎದ್ದಿದೆ. ನೋಡಲು ಅಸಹ್ಯ.

ಹೊಲದವರ ಮನೆಗಳಿಗೂ ಹೋದೆ. ನೋಟಿಸು ಬಂದಿದ್ದು ನನ್ನ ಮಾತಿನಿಂದ, ಹೇಳಬೇಕಾದವನು ನಾನೇ. ಮೀಸೆಯವನು ಮನೆಯಲ್ಲಿ ಇರಲಿಲ್ಲ. ಅವನ ತಾಯಿ ಜಗುಲಿಯ ಮೇಲೆ ಕಾಳು ಆರಿಸುತ್ತ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ.

"ಇದ್ನ ಕಂಡುಹಿಡಿದಿದ್ದು ಯಾರಪ್ಪಾ?" ಅಂದಳು.

"ನನ್ನ ಸೊಸೆ" ಅಂದೆ.

"ಸಂಸಾರ ಮಾಡಕ್ಕೆ ಬರದೆ ಬಿಟ್ಟೋದ್ಲು ಅಂತ ನಮ್ಮನೆ ಜಗುಲಿ ಮೇಲೇ ಕೂತು ಹೇಳಿದ್ಯಲ್ಲ, ಅವಳಾ?"

"ಅವಳೇ. ಅದೂ ಸುಳ್ಳು."

"ಯಾವ್ದು ಸುಳ್ಳು? ಬಿಟ್ಟೋಗಿದ್ದಾ?"

"ಬಿಟ್ಟೋಗಿದ್ದು ನಿಜ. ಹೊಡೆದವನು ನನ್ನ ಮಗ. ನಾನು ಬಾಗಿಲಲ್ಲೇ ನಿಂತಿದ್ದೆ" ಅಂದೆ.

ಮುದುಕಿ ಮೊರ ಪಕ್ಕಕ್ಕೆ ಇಟ್ಟು ನನ್ನನ್ನು ನೋಡಿದಳು. ಸಾಹೇಬರಾಗಲಿ ನೀನಾಗಲಿ ನನ್ನನ್ನು ಇಷ್ಟು ತುಚ್ಛವಾಗಿ ನೋಡಿದ್ದಿಲ್ಲ. ಕುಡಿಯಲು ನೀರು ಕೊಡಲೇ ಅಂತಲೂ ಕೇಳಲಿಲ್ಲ. ಎದ್ದು ಬಂದೆ.

ಇನ್ನೂ ಎಷ್ಟೋ ಮನೆಗಳಲ್ಲಿ ನಿನ್ನ ಮೇಲೆ ಅದೇ ಸುಳ್ಳು ಹೇಳಿದ್ದೇನೆ, ಹೋಗಿ ತಿದ್ದಬೇಕು. ಮಂಡಿ ನೋವು ಇದೆ, ಮಳೆ ಬೇರೆ. ದಿನಕ್ಕೆ ಒಂದು ಮನೆ ಆಗುತ್ತಿದೆ.